ಪ್ರೊಯೆಕ್ತಾಳ ಪೆಟ್ಟಿಗೆ

ಚೊಂಬಿನ ಮೇಲೆ ಬಳ್ಳಿ ಕೊರೆಸಿದರೆ ನೀರಿನ ರುಚಿ ಹೆಚ್ಚುತ್ತದೆಯೇ ಎಂದು ಕೇಳುವವರುಂಟು. ದಿನಬಳಕೆಯ ವಸ್ತುವಿಗೆ ಅಲಂಕಾರವೆಂದರೆ ಬರೀ ಡೌಲು ಎಂದು ನಾನೂ ಬಹಳ ಕಾಲ ನಂಬಿದ್ದೆ. ಪುಸ್ತಕವೊಂದರಲ್ಲಿ ರೋಮನ್ನರ ಬೆಳ್ಳಿ ಪೆಟ್ಟಿಗೆಯೊಂದರ ಚಿತ್ರ ಕಂಡ ಮೇಲೆ ಆ ನಂಬಿಕೆ ಸಡಿಲವಾಯಿತು.

1793ರಲ್ಲಿ ರೋಮ್ ನಗರದ ಎಸ್ಕ್ವಿಲಿನ್ ಗುಡ್ಡದಲ್ಲಿ ಸಿಕ್ಕ ನಿಧಿಯಲ್ಲಿ ಈ ಪೆಟ್ಟಿಗೆ ಇತ್ತು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ನಾಲ್ಕನೆಯ ಶತಮಾನದ್ದು, ಅರ್ಧ ಮೀಟರಿಗಿಂತ ತುಸು ಹೆಚ್ಚು ಉದ್ದ, ಅಲ್ಲಲ್ಲಿ ಚಿನ್ನದ ಲೇಪ. ಮುಚ್ಚಳದ ಮೇಲೆ ದಂಪತಿಗಳ ಚಿತ್ರ. ಅಂಚಿನಲ್ಲಿ, ಸೆಕುಂದುಸ್ ಮತ್ತು ಪ್ರೊಯೆಕ್ತಾ ಕ್ರಿಸ್ತನಲ್ಲಿ ಬಾಳಲಿ ಎಂಬ ಹಾರೈಕೆ. ಅದೇ ಮುಚ್ಚಳದ ಮುಂಬದಿಯಲ್ಲಿ, ಚಿಪ್ಪಿನೊಳಗೆ ಕುಳಿತು ಕೂದಲು ಸಿಂಗರಿಸಿಕೊಳ್ಳುವ ವೀನಸ್! ಹೊಸ ದೇವರ ಹೆಸರೂ ಹಳೆಯ ದೇವತೆಯ ಚೆಲುವೂ ಜಗಳವಿಲ್ಲದೆ ಒಂದೆಡೆ ಕೂಡಿವೆ.

ವೀನಸ್‌ಳ ನೇರ ಕೆಳಗೆ, ಪೆಟ್ಟಿಗೆಯ ಮೈಮೇಲೆ, ಮನೆಯೊಡತಿ ಕುಳಿತಿದ್ದಾಳೆ. ಅವಳೂ ಕೂದಲು ಸಿಂಗರಿಸಿಕೊಳ್ಳುತ್ತಿದ್ದಾಳೆ. ಪೆಟ್ಟಿಗೆ ತೆರೆಯಲು ಬಂದ ಹೆಣ್ಣು ಮೊದಲು ದೇವತೆಯನ್ನು ನೋಡುತ್ತಾಳೆ, ಆಮೇಲೆ ತನ್ನಂಥವಳನ್ನೇ. ದಿನಾ ತಲೆ ಬಾಚುವ ಕೆಲಸಕ್ಕೆ ಒಂದು ಘನತೆ ಬಂದುಬಿಡುತ್ತದೆ. ಚಿತ್ರವಿಲ್ಲದ ಬೋಳು ಬೆಳ್ಳಿ ಇದನ್ನು ಹೇಳಲಾರದು.

ಆದರೆ ನನ್ನ ಕಣ್ಣು ನಿಂತದ್ದು ಒಡತಿಯ ಅಕ್ಕಪಕ್ಕದಲ್ಲಿ. ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಇನ್ನೊಬ್ಬಳು ಪೆಟ್ಟಿಗೆ. ಹಿಂಬದಿಯಲ್ಲಿ ಸ್ನಾನಗೃಹಕ್ಕೆ ಹೊರಟ ಮೆರವಣಿಗೆ. ಅಲ್ಲಿಯೂ ಸಾಮಾನು ಹೊತ್ತ ಸೇವಕರು. ರೋಮಿನ ಸಿರಿವಂತರ ಮನೆಗಳಲ್ಲಿ ಇಂಥ ಚಾಕರಿ ಹೆಚ್ಚಾಗಿ ಗುಲಾಮರ ಪಾಲಿನದು. ಒಡತಿಯ ತಲೆ ಬಾಚಿ ಕಟ್ಟುವವಳನ್ನು ‘ಓರ್ನಾಟ್ರಿಕ್ಸ್’ ಎಂದು ಕರೆಯುತ್ತಿದ್ದರು. ಅದು ಕಸುಬಿನ ಹೆಸರು, ಅವಳದಲ್ಲ. ಗಂಡಹೆಂಡಿರ ಹೆಸರನ್ನು ಜೋಪಾನವಾಗಿ ಹೊತ್ತುಬಂದ ಪೆಟ್ಟಿಗೆಯಲ್ಲಿ ಈ ಹೆಣ್ಣುಮಕ್ಕಳ ಹೆಸರಿಗೆ ಜಾಗವಿಲ್ಲ.

ಒಡತಿಯ ದೊಡ್ಡಸ್ತಿಕೆ ತೋರಿಸಲೆಂದೇ ಕಸುಬುದಾರ ಅವರನ್ನು ಮೂಡಿಸಿರಬೇಕು. ಆದರೂ ಪೆಟ್ಟಿಗೆಯನ್ನು ಎತ್ತಿ ತಂದವರು, ಒರೆಸಿ ಹೊಳಪಿಸಿದವರು ಅಂಥವರೇ ತಾನೆ? ಒರೆಸುವ ಬಟ್ಟೆ ವೀನಸ್‌ಳನ್ನು ದಾಟಿ, ಒಡತಿಯನ್ನು ದಾಟಿ, ಕನ್ನಡಿ ಹಿಡಿದ ಆ ಹುಡುಗಿಯ ಮೇಲೂ ಓಡಿರಬೇಕು. ಆ ಗಳಿಗೆ ಅವಳು ಅಲ್ಲಿ ಕಂಡದ್ದೇನು?

ಅಲಂಕಾರ ವಸ್ತುವಿಗೆ ಅರ್ಥ ಕೊಡುತ್ತದೆ, ನಿಜ. ಆ ಅರ್ಥ ತೆರೆಯುವವಳಿಗೆ ಒಂದು, ಹೊರುವವಳಿಗೆ ಇನ್ನೊಂದು. ಒಡತಿಯ ಅರ್ಥವನ್ನು ಪಂಡಿತರು ಬರೆದಿಟ್ಟಿದ್ದಾರೆ. ಇನ್ನೊಬ್ಬಳದನ್ನು ನಾವೇ ಊಹಿಸಿಕೊಳ್ಳಬೇಕು.