ಗಾಂಧಿ ಬಜಾರಿನ ದೋಸೆ ಯಾವ ಊರಿನದು?

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಭಾನುವಾರ ಬೆಳಿಗ್ಗೆ ದೋಸೆ ತಿನ್ನಬೇಕೆಂದರೆ ತಾಳ್ಮೆ ಬೇಕು. ಬಾಗಿಲಲ್ಲಿ ಹೆಸರು ಬರೆಸಿ ರಸ್ತೆಯಲ್ಲಿ ಕಾಯಬೇಕು. (ಶುಕ್ರವಾರ ವಾರದ ರಜೆ. ಜುಮಾಕ್ಕೆ ಹೋಗುವ ನಮಗೆ ಅದರಿಂದ ದೊಡ್ಡ ನಷ್ಟವೇನಿಲ್ಲ.) ಕುಂದಾಪುರ ಕಡೆಯಿಂದ ಬಂದಿದ್ದ ಮಿತ್ರರೊಬ್ಬರನ್ನು ಕರೆದುಕೊಂಡು ನಾವು ಅಲ್ಲಿಗೆ ಹೋಗಿದ್ದೆವು. ವಯಸ್ಸಾದವರು, ಬಿಳಿ ಗಡ್ಡ, ತಲೆಯ ಮೇಲೆ ಟೋಪಿ. ಮುಕ್ಕಾಲು ಗಂಟೆ ಕಾದ ಮೇಲೆ ಅವರ ಹೆಸರನ್ನು ಜೋರಾಗಿ ಕೂಗಿದರು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರಿಗೂ ತಮ್ಮ ಸರದಿಯದೇ ಚಿಂತೆ.

ಒಳಗೆ ಒಂದೇ ಮೇಜಿನಲ್ಲಿ ಅಪರಿಚಿತರ ಜೊತೆ ಕೂರುವುದು ಇಂಥ ಹೋಟೆಲುಗಳ ರೂಢಿ. ನಮ್ಮೆದುರು ಬಸವನಗುಡಿಯ ಹಿರಿಯರೊಬ್ಬರು ಕುಳಿತಿದ್ದರು. ಬಿಳಿ ಪಂಚೆ ಉಟ್ಟ ಪರಿಚಾರಕರು ಹತ್ತಾರು ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಪೇರಿಸಿಕೊಂಡು ಬಂದು ದೋಸೆ ಇಟ್ಟರು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದ ಘಮ, ಮೇಲೆ ಧಾರಾಳವಾಗಿ ಸುರಿದ ತೆಳು ಚಟ್ನಿ. ನಮ್ಮ ಮಿತ್ರರು ಎರಡು ತುತ್ತು ತಿಂದು, "ಲಾಯ್ಕ್ ಇತ್ತ್. ಆದ್ರೆ ಇದು ನಮ್ಮೂರ್ ದೋಸೆ ಅಲ್ಲ ಮಾರಾಯ್ರೆ" ಎಂದರು. ಎದುರಿಗಿದ್ದ ಹಿರಿಯರು ತಲೆ ಎತ್ತಿದರು.

"ಯಾವೂರು ಸಾರ್ ನಿಮ್ಮದು?"

"ಕುಂದಾಪುರದ ಹತ್ರ."

"ಹಾಗಾದ್ರೆ ಹೋಟ್ಲು ನಿಮ್ಮ ಕಡೆಯೋರದ್ದೇ ಅಲ್ಲವಾ ಸಾರ್! ನಾವೇ ಇಲ್ಲಿ ನೆಂಟರು."

ಹಿರಿಯರ ಮಾತು ಬರೀ ತಮಾಷೆಯಲ್ಲ. 1943ರಲ್ಲಿ ವೆಂಕಟರಮಣ ಉರಾಳರು ಆರಂಭಿಸಿದ ಈ ಹೋಟೆಲನ್ನು 1970ರಲ್ಲಿ ರಾಮಕೃಷ್ಣ ಅಡಿಗರು ಕೊಂಡರು. ಇಬ್ಬರೂ ಕರಾವಳಿ ಮೂಲದವರು. ಲಾಲ್‌ಬಾಗಿನ ಪಕ್ಕದ ಮಾವಳ್ಳಿಯ ಎಂ.ಟಿ.ಆರ್. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರದು, 1924ರದು. ಬೆಂಗಳೂರಿನ ಹಳೆಯ ಬಡಾವಣೆಗಳ ಸ್ವಂತ ರುಚಿ ಎಂದು ಇಂದು ಯಾವುದನ್ನು ಹೇಳುತ್ತೇವೋ ಅದರ ಬಹುಪಾಲು ವಲಸೆ ಬಂದವರ ಕೈರುಚಿ. ಬಸವನಗುಡಿ, ಮಲ್ಲೇಶ್ವರಗಳೂ ಅಷ್ಟೇನೂ ಪುರಾತನವಲ್ಲ. 1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಹೊರಗೆ ಬಂದಾಗ ಬೆಳೆದ ಬಡಾವಣೆಗಳು ಅವು. ಚಾಮರಾಜಪೇಟೆ ಅದಕ್ಕಿಂತ ಆರು ವರ್ಷ ಹಿರಿದು. ಹೊಸ ಬಡಾವಣೆಗೆ ಹೊಸ ಜನ ಬಂದರು, ಅವರ ಹಸಿವಿಗೆ ಕರಾವಳಿಯ ಅಡುಗೆಯವರು ಬಂದರು.

ಆದರೆ ನಮ್ಮ ಮಿತ್ರರ ದೂರಿನಲ್ಲೂ ಸತ್ಯವಿದೆ. ಅವರ ಮನೆಯ ದೋಸೆ ಎಂದರೆ ನೀರ್‌ದೋಸೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರಾಗಿಸಿ, ಕಾದ ಕಾವಲಿಗೆ ಹೊಯ್ದು ಮಗುಚದೆ ತೆಗೆಯುವಂಥದ್ದು. ಜೊತೆಗೆ ಬೆಲ್ಲ ಬೆರೆಸಿದ ಕಾಯಿತುರಿ. ಆಲೂಗಡ್ಡೆ ಪಲ್ಯ ತುಂಬಿದ, ತುಪ್ಪದಲ್ಲಿ ಕೆಂಪಗೆ ಬೆಂದ ದೋಸೆ ಅವರಿಗೆ ಪೇಟೆಯ ತಿಂಡಿ. ಪತ್ರೊಡೆ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯುವ ಕಡುಬು, ಹಲಸಿನ ಹಣ್ಣಿನ ಗಟ್ಟಿ, ಇವೆಲ್ಲ ಘಟ್ಟ ಹತ್ತುವಾಗ ಹಿಂದೆ ಉಳಿದವು. ಗೋಳಿಬಜೆ ಬಂತು, ಆದರೆ ಇಲ್ಲಿ 'ಮಂಗಳೂರು ಬಜ್ಜಿ' ಆಯಿತು. ಬೇಗ ಬೇಯುವುದು, ಬೇಗ ತಿಂದು ಎದ್ದು ಹೋಗುವಂಥದ್ದು, ಗಿರಾಕಿಯ ನಾಲಿಗೆಗೆ ಒಗ್ಗುವಂಥದ್ದು ಮಾತ್ರ ಉಳಿಯಿತು. ಫಲಕದಲ್ಲಿ 'ಉಡುಪಿ' ಎಂದಿದ್ದರೂ ತಟ್ಟೆಯಲ್ಲಿ ಉಡುಪಿ ಇರುವುದು ಕಾಲು ಭಾಗ. ಇದನ್ನು ತಪ್ಪು ಎನ್ನಲಾಗದು. ಯುದ್ಧಕಾಲದಲ್ಲಿ ಬರ್ಮಾದ ಅಕ್ಕಿ ನಿಂತಾಗ ರವೆಯಿಂದ ಇಡ್ಲಿ ಮಾಡಿದ್ದು ತಾವೇ ಎಂದು ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. ಕರಾವಳಿಯ ಕೈಗೆ ಬೆಂಗಳೂರಿನ ಕಷ್ಟ ಕಲಿಸಿದ ತಿಂಡಿ ಅದು. ಅದು ಯಾವ ಊರಿನದು ಎಂದು ಕೇಳಿದರೆ ಏನು ಹೇಳುವುದು?

ಇದಕ್ಕೆ ಎದುರಾದ ಅನುಭವವೂ ಆಯಿತು. ಉತ್ತರ ಕರ್ನಾಟಕದ ಊಟವೆಂದು ಹೆಸರಾದ ಖಾನಾವಳಿಯೊಂದಕ್ಕೆ ಮಿತ್ರರನ್ನು ಕರೆದೊಯ್ದೆವು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಎಲ್ಲವೂ ಹೆಸರಿಗೆ ಇದ್ದವು. ರೊಟ್ಟಿ ಬಡಿಯುವವರನ್ನು ಗಾಜಿನ ಹಿಂದೆ ಕೂರಿಸಿದ್ದರು. ಗಿರಾಕಿಗಳು ಮೊಬೈಲಿನಲ್ಲಿ ಅವರ ಫೋಟೊ ತೆಗೆಯುತ್ತಿದ್ದರು. ಎಣ್ಣೆಗಾಯಿಗೆ ಖಾರವೂ ಇಲ್ಲ, ಗುರೆಳ್ಳಿನ ವಾಸನೆಯೂ ಇಲ್ಲ, ಸಿಹಿ ಮಾತ್ರ ಇತ್ತು. ಗೋಡೆಗೆ ಎತ್ತಿನ ಗಾಡಿಯ ಗಾಲಿ ತೂಗುಹಾಕಿದ್ದರು. ವಿದ್ಯಾರ್ಥಿ ಭವನದಲ್ಲಿ ಪ್ರಾದೇಶಿಕತೆ ಎಂಬ ಮಾತೇ ಇಲ್ಲ, ಅಡುಗೆ ಮಾಡುವ ಕೈಯಲ್ಲಿ ಅದು ಉಳಿದಿದೆ. ಇಲ್ಲಿ ಆ ಮಾತು ಗೋಡೆಯ ತುಂಬ ಇದೆ, ರುಚಿ ಇಲ್ಲ. ತಮ್ಮ ಅಡುಗೆಯ ಬಗ್ಗೆ ನಂಬಿಕೆ ಇಲ್ಲದವರು ಅಲಂಕಾರಕ್ಕೆ ಖರ್ಚು ಮಾಡುತ್ತಾರೆ ಎಂದೇ ನಮ್ಮ ಅನಿಸಿಕೆ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಅಲಂಕಾರದ ಮಾತೇ ಇಲ್ಲ. 1965ರಿಂದ ನಡೆಯುತ್ತಿರುವ ಸಣ್ಣ ಅಂಗಡಿ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಟೀ, ಅಷ್ಟೇ. ಸಾಂಬಾರ್ ಕೇಳಿದರೆ ಇಲ್ಲ, ಚಟ್ನಿ ಮಾತ್ರ. ಆ ಚಟ್ನಿ ಇರುವಾಗ ಸಾಂಬಾರ್ ಯಾಕೆ ಬೇಕು ಎಂದು ತಿಂದ ಮೇಲೆ ಅನಿಸುತ್ತದೆ. ರಸ್ತೆ ಬದಿಯಲ್ಲಿ ತಟ್ಟೆ ಹಿಡಿದು ನಿಂತವರಲ್ಲಿ ಯಾರು ಯಾವ ಜಾತಿ ಎಂದು ಯಾರು ನೋಡುತ್ತಾರೆ? ಆದರೂ ಫಲಕ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಎಂ.ಟಿ.ಆರ್.ನ ಮೊದಲ ಹೆಸರೂ ಬ್ರಾಹ್ಮಿನ್ ಕಾಫಿ ಕ್ಲಬ್ ಎಂದೇ ಇತ್ತು. ಒಂದು ಕಾಲಕ್ಕೆ ಆ ಪದ ರುಚಿಯ ಖಾತ್ರಿಯಾಗಿರಲಿಲ್ಲ, ಅಡುಗೆಯವನ ಜಾತಿಯ ಖಾತ್ರಿಯಾಗಿತ್ತು. ಮದರಾಸಿನ ತಿರುವಲ್ಲಿಕೇಣಿಯ ಹೋಟೆಲೊಂದರ ಫಲಕದಿಂದ ಇದೇ ಪದವನ್ನು ತೆಗೆಸಲು ಪೆರಿಯಾರರು 1957ರಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. ಈಗ ಅದು ಬರೀ ವ್ಯಾಪಾರದ ಹೆಸರು ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಲೋಟದೊಳಗಿನ ಕಾಫಿಯ ಕಥೆ ಕೇಳಿದವರು ನಗದೆ ಇರಲಾರರು. ಕಾಫಿ ಕುಡಿಯುವ ಅಭ್ಯಾಸ ಬೆಳೆದದ್ದು ಯೆಮನಿನ ಸೂಫಿಗಳಲ್ಲಿ, ರಾತ್ರಿಯ ಧ್ಯಾನಕ್ಕೆ ಎಚ್ಚರವಾಗಿರಲು. ಅದರ ಏಳು ಬೀಜಗಳನ್ನು ಹಜ್ ಮುಗಿಸಿ ಬರುವಾಗ ಚಿಕ್ಕಮಗಳೂರಿನ ಗಿರಿಗೆ ತಂದವರು ಬಾಬಾ ಬುಡನ್ ಎಂದು ಐತಿಹ್ಯ ಹೇಳುತ್ತದೆ. ಸಾರಿಗೆ ಹಾಕುವ ಇಂಗು ಆಫ್ಘಾನಿಸ್ತಾನ, ಇರಾನುಗಳದ್ದು. ದೋಸೆಯೊಳಗಿನ ಆಲೂಗಡ್ಡೆ, ಚಟ್ನಿಯ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದವು. ಫಲಕ ಏನೇ ಹೇಳಲಿ, ಒಲೆಗೆ ಮಡಿ ಗೊತ್ತಿಲ್ಲ.

ಮುಸ್ಲಿಮರ ಪಾಲಿಗೆ ಈ ಹೋಟೆಲುಗಳ ಉಪಕಾರ ದೊಡ್ಡದು ಎಂಬುದನ್ನು ಇಲ್ಲಿ ಹೇಳಲೇಬೇಕು. ಊರಿಂದೂರಿಗೆ ಹೋದಾಗ ಮಾಂಸದ ಹೋಟೆಲಿನಲ್ಲಿ ಹಲಾಲ್ ಹೌದೋ ಅಲ್ಲವೋ ಎಂದು ಕೇಳಬೇಕು. ಉಡುಪಿ ಹೋಟೆಲಿನಲ್ಲಿ ಏನನ್ನೂ ಕೇಳದೆ ಕುಳಿತು ತಿಂದು ಎದ್ದು ಬರಬಹುದು. ಸಾಹಿತ್ಯ ಪರಿಷತ್ತಿನ ಕೆಲಸಕ್ಕೆ ಚಾಮರಾಜಪೇಟೆಗೆ ಬಂದ ಎಷ್ಟೋ ಮುಸ್ಲಿಮ್ ಲೇಖಕರ ಹೊಟ್ಟೆ ತುಂಬಿಸಿದ್ದು ಇಂಥ ಹೋಟೆಲುಗಳೇ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರು 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ 'ಮನಸು ಗಾಂಧಿ ಬಜಾರು' ಎಂದು ಹೆಸರಿಟ್ಟರು. ಅದನ್ನು ಯಾರೂ ಅತಿಕ್ರಮಣ ಎನ್ನಲಿಲ್ಲ. ಅರವತ್ತೆರಡು ವರ್ಷಗಳ ನಂತರ, 2022ರ ಮಾರ್ಚಿನಲ್ಲಿ, ಉಡುಪಿ ಜಿಲ್ಲೆಯ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಸಿಗಲಿಲ್ಲ. ಅದೇ ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ರಾಜ್ಯದಲ್ಲಿ ಕೇಳಿಬಂತು. ಯಾವ ಕರಾವಳಿಯ ತಿಂಡಿಯ ಮುಂದೆ ಬೆಂಗಳೂರು ಸಾಲುಗಟ್ಟಿ ನಿಲ್ಲುತ್ತದೆಯೋ ಅದೇ ಕರಾವಳಿಯ ಸುದ್ದಿ ಇದು.

ಆದರೆ ದೂರುವ ಮೊದಲು ನಮ್ಮನ್ನೂ ನೋಡಿಕೊಳ್ಳಬೇಕು. ಎಂಬತ್ತು ವರ್ಷಗಳಿಂದ ನಾವು ಅವರ ಮೇಜಿನಲ್ಲಿ ತಿಂದಿದ್ದೇವೆ. ಅವರು ಬಂದು ಕೂರಬಹುದಾದ ಮೇಜು ಎಲ್ಲಿ ಹಾಕಿದ್ದೇವೆ? ಬ್ಯಾರಿಗಳ ಪತ್ತಿರ್, ಭಟ್ಕಳದ ನವಾಯತರ ಶಾವಿಗೆ ಬಿರಿಯಾನಿ, ಇವು ಕರಾವಳಿಯ ಅಡುಗೆಯಲ್ಲವೇ? ಬೆಂಗಳೂರಿನಲ್ಲಿ ಮುಸ್ಲಿಮ್ ಊಟ ಎಂದರೆ ಬಿರಿಯಾನಿ, ಕಬಾಬು, ರಮಝಾನಿನಲ್ಲಿ ಹಲೀಮು. ಅದೂ ಶಿವಾಜಿನಗರ, ಫ್ರೇಜರ್ ಟೌನ್ ಕಡೆಗೆ ಹೋದವರಿಗೆ. ಮಾಂಸ ತಿನ್ನದವರು ಬಂದರೆ ಕೊಡಲು ನಮ್ಮಲ್ಲಿ ಏನಿದೆ ಎಂದು ನಮ್ಮ ಹೋಟೆಲಿನವರು ಯೋಚಿಸಿದ್ದು ಕಡಿಮೆ. ಮನೆಯಲ್ಲಿ ತಾಯಂದಿರು ಮಾಡುವ ಅಕ್ಕಿಯ ಪತ್ತಿರಿಗೆ, ತೆಂಗಿನ ಹಾಲಿಗೆ ಮಾಂಸವೇ ಜೊತೆಯಾಗಬೇಕೆಂದೇನೂ ಇಲ್ಲ. ಆದರೆ ಅದು ಹೋಟೆಲಿನ ಪದಾರ್ಥವೆಂದು ನಮಗೇ ಅನಿಸಲಿಲ್ಲ.

ಹಾಗೆಂದು ಪ್ರಯತ್ನವೇ ಇಲ್ಲವೆಂದಲ್ಲ. ಚಾಮರಾಜಪೇಟೆಯ ಒಳರಸ್ತೆಯಲ್ಲಿ ಕರಾವಳಿಯ ಮುಸ್ಲಿಮ್ ದಂಪತಿ ನಡೆಸುವ ಸಣ್ಣ ಹೋಟೆಲೊಂದಿದೆ. ನಾಲ್ಕು ಮೇಜು. ಬೆಳಿಗ್ಗೆ ನೀರ್‌ದೋಸೆ, ಕಾಯಿಬೆಲ್ಲ, ತೊವ್ವೆ. ಮಧ್ಯಾಹ್ನದ ಮೇಲೆ ಮೀನು, ಮಾಂಸ. ಎರಡಕ್ಕೂ ಒಲೆ ಬೇರೆ, ಪಾತ್ರೆ ಬೇರೆ, ಅದನ್ನು ಗೋಡೆಯ ಮೇಲೆ ಬರೆದೂ ಇದ್ದಾರೆ. ಚಟ್ನಿ ಸುಧಾರಿಸಬೇಕು, ಹುರಿಗಡಲೆ ಜಾಸ್ತಿಯಾಗಿ ಕಾಯಿಯ ರುಚಿ ಸತ್ತಿದೆ. ಕಾಫಿಯ ಬಗ್ಗೆ ಹೇಳದಿರುವುದೇ ಲೇಸು. ನೀರ್‌ದೋಸೆ ಮಾತ್ರ ಎಲೆಯಂತೆ ತೆಳು, ಹತ್ತಿಯಂತೆ ಮೆತ್ತಗೆ. ನಮ್ಮ ಮಿತ್ರರು ಒಂಬತ್ತು ತಿಂದರು, "ಇದು ನಮ್ಮೂರ್‌ದ್" ಎಂದರು.

ಗಾಂಧಿ ಬಜಾರಿನ ಆ ಹಿರಿಯರು ಅಂದು ಕಾಫಿ ಮುಗಿಸುವಾಗ ನಮ್ಮ ನಂಬರು ತೆಗೆದುಕೊಂಡಿದ್ದರು. ಫೋನು ಮಾಡಿ ಈ ಹೋಟೆಲಿಗೆ ಕರೆದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಳೆ ಎಲೆಯಲ್ಲಿ ಹಾಕ್ಕೊಡ್ತಾರಾ ಸಾರ್?" ಎಂದು ಕೇಳಿದರು. ಹೋಟೆಲಿನ ಯಜಮಾನರಿಗೆ ಹೇಳಿದ್ದೇವೆ. ಎಲೆ ತರಿಸುತ್ತೇನೆ, ಹತ್ತು ಗಂಟೆಯೊಳಗೆ ಬರಲಿ, ಆಮೇಲೆ ಹಿಟ್ಟು ಮುಗಿದುಹೋಗುತ್ತದೆ ಎಂದಿದ್ದಾರೆ.