ಹಕ್‌ನ ನರಕ, ಜಿಮ್‌ನ ಸ್ವಾತಂತ್ರ್ಯ

ಮಾರ್ಕ್ ಟ್ವೈನ್ ಅವರ ‘ಹಕಲ್‌ಬರಿ ಫಿನ್’ ಕಾದಂಬರಿ ಇಂಗ್ಲೆಂಡಿನಲ್ಲಿ 1884ರಲ್ಲಿ, ಅಮೆರಿಕದಲ್ಲಿ 1885ರಲ್ಲಿ ಪ್ರಕಟವಾಯಿತು. ಅದನ್ನು ಬಾಲಸಾಹಿತ್ಯವೆಂದು ಬದಿಗಿಡುವವರು 31ನೆಯ ಅಧ್ಯಾಯವನ್ನು ಗಮನವಿಟ್ಟು ಓದಿರಲಾರರು. ನೈತಿಕ ದೈವಶಾಸ್ತ್ರದ ಕಠಿಣ ಪ್ರಶ್ನೆಯೊಂದು ಅಲ್ಲಿ ಅರೆಬರೆ ಓದುಬರಹ ಬಲ್ಲ ಹುಡುಗನೊಬ್ಬನ ಮುಂದೆ ಬಂದು ನಿಲ್ಲುತ್ತದೆ.

ಗುಲಾಮಗಿರಿ ಕಾನೂನುಬದ್ಧವಾಗಿದ್ದ ಮಿಸೌರಿಯಿಂದ ಓಡಿಬಂದ ಜಿಮ್ ಹಾಗೂ ಕುಡುಕ ತಂದೆಯಿಂದ ತಪ್ಪಿಸಿಕೊಂಡ ಹಕ್, ಮಿಸಿಸಿಪಿ ನದಿಯಲ್ಲಿ ತೆಪ್ಪದ ಮೇಲೆ ಸಾಗುತ್ತಾರೆ. ವಂಚಕರು ಜಿಮ್‌ನನ್ನು 40 ಡಾಲರಿಗೆ ಹಿಡಿದುಕೊಟ್ಟಾಗ, ಹಕ್ ಅವನ ಒಡತಿಗೆ ಸುಳಿವು ನೀಡುವ ಪತ್ರ ಬರೆಯುತ್ತಾನೆ. ಬರೆದೊಡನೆ ಪಾಪ ತೊಳೆದುಹೋದಂತೆ ಹಗುರಾಗುತ್ತಾನೆ. ಆದರೆ ತನ್ನ ಸರದಿಯ ಕಾವಲನ್ನೂ ಜಿಮ್‌ ತಾನೇ ಕಾಯ್ದು ತನ್ನನ್ನು ನಿದ್ರಿಸಲು ಬಿಟ್ಟದ್ದು ನೆನಪಾಗುತ್ತದೆ. ನರಕಕ್ಕೆ ಹೋದರೂ ಸರಿಯೆಂದು ನಿಶ್ಚಯಿಸಿ ಪತ್ರವನ್ನು ಹರಿದುಹಾಕುತ್ತಾನೆ.

ಈ ಬಂಡಾಯ ಯಾರ ವಿರುದ್ಧ? ಹಕ್‌ನ ತಿಳಿವಳಿಕೆಯಲ್ಲಿ ದೇವರ ವಿರುದ್ಧ. ವಾಸ್ತವದಲ್ಲಿ ದೇವರ ಹೆಸರನ್ನು ಎರವಲು ಪಡೆದ ಸಮಾಜದ ವಿರುದ್ಧ. ತಪ್ಪಿದ ಮನಸ್ಸಾಕ್ಷಿಯೂ ಮನುಷ್ಯನನ್ನು ಬದ್ಧಗೊಳಿಸುತ್ತದೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸುತ್ತಾರೆ. ಹಾಗಾದರೆ ಹಕ್ ಪಾಪಿಯೇ? ಹಾಗೆನ್ನಲು ನಾವು ಸಿದ್ಧರಿಲ್ಲ. ಅವನೊಳಗೆ ಎರಡು ದನಿಗಳಿವೆ: ಬಾಯಿಪಾಠವಾಗಿ ಬಂದದ್ದು ಒಂದು, ಸಹಬಾಳ್ವೆಯಿಂದ ಹುಟ್ಟಿದ್ದು ಇನ್ನೊಂದು. ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಮನಸ್ಸಾಕ್ಷಿಯನ್ನು ದೇವರ ದನಿ ಕೇಳಿಬರುವ ಅಂತರಂಗದ ಪವಿತ್ರ ಸ್ಥಾನವೆಂದು ವರ್ಣಿಸಿತು. ಹಕ್ ಮನಸ್ಸಾಕ್ಷಿಯೆಂದು ಕರೆಯುವುದು ಆ ಸ್ಥಾನದೊಳಕ್ಕೆ ನುಗ್ಗಿದ ಊರಿನ ಗದ್ದಲ. ಅವನು ಹೆಸರಿಡಲಾರದ ದನಿಯೇ ನಿಜವಾದ ಮನಸ್ಸಾಕ್ಷಿ.

ಆದರೂ ಹಕ್‌ನನ್ನು ಸ್ವಾತಂತ್ರ್ಯದ ಪೂರ್ಣ ಆದರ್ಶವೆಂದು ಮೆರೆಸುವ ವಿಮರ್ಶೆಯನ್ನು ನಾವು ಒಪ್ಪಲಾರೆವು. ಕೊನೆಯಲ್ಲಿ ಅವನು ನಾಗರಿಕತೆಯ ಕೈಗೆ ಸಿಗದೆ ಪಶ್ಚಿಮದತ್ತ ಹೊರಡಲು ಬಯಸುತ್ತಾನೆ. ಅದು ಕಟ್ಟುಗಳಿಂದ ಬಿಡುಗಡೆ ನಿಜ. ಬಿಡುಗಡೆ ಯಾತಕ್ಕಾಗಿ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಉತ್ತರ ಜಿಮ್‌ನಲ್ಲಿದೆ. ಗುಂಡೇಟು ತಿಂದ ಟಾಮ್ ಸಾಯರ್‌ಗೆ ವೈದ್ಯನು ಬರುವವರೆಗೆ ಅವನು ಕದಲುವುದಿಲ್ಲ. ಶುಶ್ರೂಷೆಗೆ ನಿಂತು ಮತ್ತೆ ಸಂಕೋಲೆಗೆ ಸಿಲುಕುತ್ತಾನೆ. ಸ್ವಾತಂತ್ರ್ಯವಿರುವುದು ಪ್ರೀತಿಯ ಸೇವೆಗಾಗಿ ಎಂದು ಸಂತ ಪೌಲರು ಗಲಾತ್ಯರಿಗೆ ಕಲಿಸಿದ್ದನ್ನು ಬದುಕಿ ತೋರುವವನು ಈ ಗುಲಾಮನೇ. ಒಡತಿಯ ಮರಣಪತ್ರದಿಂದ ಅವನು ಆಗಲೇ ಬಿಡುಗಡೆ ಹೊಂದಿದ್ದನ್ನು ಟಾಮ್ ಆಟಕ್ಕಾಗಿ ಮುಚ್ಚಿಟ್ಟಿದ್ದ. ಈ ಅಧ್ಯಾಯಗಳ ಹುಡುಗಾಟ ಕೃತಿಯ ಗಾಂಭೀರ್ಯವನ್ನು ಕುಗ್ಗಿಸಿದೆ. ಜಿಮ್‌ನ ತ್ಯಾಗವನ್ನು ಕಂಡ ಹಕ್ ಸಹ ಅವನನ್ನು ಒಳಗೆ ಬಿಳಿಯನೆಂದೇ ಹೊಗಳುತ್ತಾನೆ. ಪತ್ರ ಹರಿದ ಕೈಯಲ್ಲೂ ಊರಿನ ಅಳತೆಗೋಲು ಉಳಿದಿತ್ತು.

ಆ ಅಳತೆಗೋಲು ನಮಗೆ ಅಪರಿಚಿತವಲ್ಲ. ಒಂದೇ ಬಲಿಪೀಠದ ಸುತ್ತ ನೆರೆಯುವ ನಮ್ಮ ದೇಶದ ಕ್ರೈಸ್ತರಲ್ಲೂ ಸಂಬಂಧ ಬೆಳೆಸುವಾಗ ಜಾತಿ ಕೇಳುವ ರೂಢಿ ಅಳಿದಿಲ್ಲ. ಅದನ್ನು ಮೀರಿದವರಿಗೆ ಪಾಪಪ್ರಜ್ಞೆ ಕಾಡಿದರೆ, ಅದನ್ನು ಬಿತ್ತಿದವರು ಯಾರು? ಹಕ್‌ಗೆ ಪ್ರಾರ್ಥನೆ ಕಲಿಸಿದ ಮಿಸ್ ವಾಟ್ಸನ್ನಳೇ 800 ಡಾಲರಿನ ಆಸೆಗೆ ಜಿಮ್‌ನನ್ನು ಮಾರಲು ಹೊರಟವಳು. ಅವಳು ಕ್ರೂರಿಯಲ್ಲ, ಭಕ್ತೆ. ಧರ್ಮೋಪದೇಶಕ್ಕೆ ನಿಲ್ಲುವ ನಾವು ಹಕ್‌ನಲ್ಲಿ ನಮ್ಮನ್ನು ಕಾಣುವ ಮುನ್ನ ಅವಳಲ್ಲಿ ನಮ್ಮನ್ನು ಹುಡುಕಿಕೊಳ್ಳುವುದು ಒಳಿತು.