ಮೊದಲು ಅಡಿಟಿಪ್ಪಣಿ ಓದಿ

ಕಾನೂನಿನ ಸಂಶೋಧನಾ ಲೇಖನ ಕೈಗೆ ಬಂದರೆ ನಾನು ಮೊದಲು ನೋಡುವುದು ಅಡಿಟಿಪ್ಪಣಿಗಳನ್ನು. ಬರೆದವರು ತೀರ್ಪನ್ನೇ ಓದಿದ್ದಾರೋ, ತೀರ್ಪಿನ ಬಗ್ಗೆ ಇನ್ಯಾರೋ ಬರೆದದ್ದನ್ನು ಓದಿದ್ದಾರೋ ಎಂಬುದು ಅಲ್ಲೇ ತಿಳಿಯುತ್ತದೆ. ಇಂಥ ಪ್ಯಾರಾದಲ್ಲಿ ಇಂಥ ಮಾತಿದೆ ಎಂದು ತೋರಿಸುವವರ ಜೊತೆ ನಂಬಿಕೆಯಿಂದ ಮುಂದೆ ಹೋಗಬಹುದು. ಬರೀ ಪ್ರಕರಣಗಳ ಹೆಸರು ಪೋಣಿಸಿದ ಲೇಖನವನ್ನು ಎಚ್ಚರದಿಂದ ಓದಬೇಕಾಗುತ್ತದೆ.

ಬೆಳಗಾವಿಗೆ ಕಾನೂನಿನ ಓದು ಹೊಸದಲ್ಲ. ಕರ್ನಾಟಕ ಲಾ ಸೊಸೈಟಿ 1939ರಲ್ಲಿ ಇಲ್ಲಿ ಆರಂಭಿಸಿದ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದ ಇ.ಎಸ್. ವೆಂಕಟರಾಮಯ್ಯ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಇಂಥ ಊರಿನ ವಿದ್ಯಾರ್ಥಿಗಳೂ ಲೇಖನ ಬರೆಯಲು ಕೂತಾಗ ‘ಭಾರತದಲ್ಲಿ ಮಾನವ ಹಕ್ಕುಗಳು: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆ ಹಾಕಿಕೊಳ್ಳುತ್ತಾರೆ. ಅಷ್ಟಗಲದ ವಿಷಯವನ್ನು ಹದಿನೈದು ಪುಟದಲ್ಲಿ ಹಿಡಿಯಲು ಹೋದರೆ ಪಠ್ಯಪುಸ್ತಕದ ಸಾರಾಂಶವಷ್ಟೇ ಉಳಿಯುತ್ತದೆ. ಒಳ್ಳೆಯ ಲೇಖನಕ್ಕೆ ಬೇಕಾದದ್ದು ಒಂದೇ ಒಂದು ಪ್ರಶ್ನೆ. ಅದು ಸಣ್ಣದಾಗಿರಬೇಕು, ಉತ್ತರ ಮೊದಲೇ ಗೊತ್ತಿರಬಾರದು.

ಅಂಥ ಪ್ರಶ್ನೆಗಳು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಕಾಲಿಟ್ಟಲ್ಲೆಲ್ಲ ಸಿಗುತ್ತವೆ. ಚೋರ್ಲಾ ಘಾಟಿನ ರಸ್ತೆ ಹಿಡಿದು ಜಾಂಬೋಟಿ ದಾಟಿದರೆ ಕಣಕುಂಬಿ. ಪೂರ್ವಕ್ಕೆ ಹರಿಯುವ ಮಲಪ್ರಭೆ ಹುಟ್ಟುವುದು ಅಲ್ಲಿ. ಪಶ್ಚಿಮಕ್ಕೆ ಮಹದಾಯಿ ನದಿಯ ಕಡೆ ಇಳಿಯುವ ಕಳಸಾ ಹಳ್ಳವೂ ಅಲ್ಲಿಯದೇ. ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ನಡುವಿನ ಈ ನೀರಿನ ಜಗಳಕ್ಕೆ 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2018ರ ಆಗಸ್ಟ್ 14ರಂದು ಐತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ ಸಿಕ್ಕಿತು ಎಂದು ಎಲ್ಲರೂ ಬರೆದರು. ಹಲವರು ಅಷ್ಟಕ್ಕೇ ನಿಲ್ಲಿಸಿದರು.

ಐತೀರ್ಪನ್ನೇ ತೆರೆದರೆ ಆ ಸಂಖ್ಯೆ ನಾಲ್ಕು ಪಾಲಾಗುತ್ತದೆ. ಕಳಸಾಕ್ಕೆ 1.72, ಬಂಡೂರಿ ಹಳ್ಳಕ್ಕೆ 2.18, ಮಹದಾಯಿ ಕಣಿವೆಯೊಳಗಿನ ಬಳಕೆಗೆ 1.50, ಜಲವಿದ್ಯುತ್ತಿಗೆ 8.02. ಹಾಗಾದರೆ ಮಲಪ್ರಭೆಯ ಕಡೆ ತಿರುಗಿಸಲು ಸಿಕ್ಕದ್ದು 3.90 ಟಿಎಂಸಿ ಮಾತ್ರ. ಕರ್ನಾಟಕ ಅದಕ್ಕಾಗಿ ಕೇಳಿದ್ದು 7.56. ಹೀಗೆ ತಿರುಗಿಸಿದ ನೀರನ್ನು ಎದುರು ನೋಡುವ ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರಿನ ಬಗ್ಗೆ ಬರೆಯುವವರು 13.42 ಎಂಬ ಅಂಕಿಯನ್ನು ಇಟ್ಟುಕೊಂಡರೆ ಇಡೀ ವಾದ ಕುಸಿಯುತ್ತದೆ. ಮೂಲ ಕಾಗದ ಓದಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಮುಂದಿನ ಪ್ರಶ್ನೆ ಇನ್ನೂ ರುಚಿಯಾದದ್ದು. ಸಂವಿಧಾನದ 262ನೇ ವಿಧಿಯ ಬೆಂಬಲದಿಂದ ಅಂತರರಾಜ್ಯ ಜಲವಿವಾದ ಕಾಯ್ದೆ 1956ರ ಕಲಂ 11, ಇಂಥ ವಿವಾದವನ್ನು ಸುಪ್ರೀಂ ಕೋರ್ಟೂ ಸೇರಿದಂತೆ ಯಾವ ನ್ಯಾಯಾಲಯವೂ ವಿಚಾರಿಸಬಾರದು ಎನ್ನುತ್ತದೆ. ರಾಜ್ಯಪತ್ರದಲ್ಲಿ ಪ್ರಕಟವಾದ ಐತೀರ್ಪಿಗೆ ಸುಪ್ರೀಂ ಕೋರ್ಟಿನ ಡಿಕ್ರಿಯಷ್ಟೇ ಬಲವಿದೆ ಎನ್ನುತ್ತದೆ ಕಲಂ 6ರ ಎರಡನೇ ಉಪಕಲಂ. ಆದರೆ 2016ರ ಡಿಸೆಂಬರಿನಲ್ಲಿ ಕಾವೇರಿ ಪ್ರಕರಣದಲ್ಲಿ, 136ನೇ ವಿಧಿಯಡಿ ಮೇಲ್ಮನವಿ ಕೇಳಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. ಮಹದಾಯಿ ಐತೀರ್ಪು 2020ರ ಫೆಬ್ರುವರಿ 27ರಂದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಮೂರೂ ರಾಜ್ಯಗಳ ಮೇಲ್ಮನವಿಗಳು ಸುಪ್ರೀಂ ಕೋರ್ಟಿಗೆ ಹೋದವು. ಡಿಕ್ರಿಯ ಬಲವಿರುವ ಆದೇಶದ ಮೇಲೆ ಮೇಲ್ಮನವಿಯೂ ಇರುವಾಗ ಆ ಬಲ ಎಷ್ಟರ ಮಟ್ಟಿನದು? ಒಂದು ಲೇಖನಕ್ಕೆ ಇಷ್ಟು ಸಾಕು.

ಸಾಧನಗಳ ಕೊರತೆ ಈಗಿಲ್ಲ. ಸುಪ್ರೀಂ ಕೋರ್ಟಿನ ವರದಿಗಳು 2023ರಿಂದ ಇ-ಎಸ್‌ಸಿಆರ್ ಮೂಲಕ ಉಚಿತವಾಗಿ ಸಿಗುತ್ತವೆ. ಸಾವಿರಾರು ರೂಪಾಯಿ ಚಂದಾ ಕಟ್ಟಲಾಗದ ಖಾನಾಪುರದ ಹುಡುಗಿಯೂ ತೀರ್ಪಿನ ಅಧಿಕೃತ ಪಾಠವನ್ನು ಮೊಬೈಲಿನಲ್ಲೇ ಓದಬಹುದು. ಅವಳಿಗೆ ಕನ್ನಡ, ಮರಾಠಿ ಎರಡೂ ಬರುತ್ತಿದ್ದರೆ ಗ್ರಾಮಸಭೆಯ ಠರಾವು, ಹಳೆಯ ಜಮೀನಿನ ಕಾಗದ, ಊರ ಹಿರಿಯರ ಮಾತು ಎಲ್ಲವನ್ನೂ ಯಾರ ಸಹಾಯವೂ ಇಲ್ಲದೆ ತಿಳಿಯಬಲ್ಲಳು. ದಿಲ್ಲಿಯ ಗ್ರಂಥಾಲಯದಲ್ಲಿ ಕೂತವರಿಗೆ ಈ ಅನುಕೂಲವಿಲ್ಲ.

ಪ್ರಕಟಣೆಯ ವಿಚಾರದಲ್ಲಿ ಮಾತ್ರ ಹುಷಾರಾಗಿರಬೇಕು. ಯುಜಿಸಿ ಮಾನ್ಯ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು; ಪತ್ರಿಕೆಯನ್ನು ತೂಗಿ ನೋಡುವ ಹೊಣೆ ಈಗ ನಮ್ಮ ಮೇಲೇ ಹೆಚ್ಚಾಗಿದೆ. ದುಡ್ಡು ಕಟ್ಟಿದರೆ ವಾರದೊಳಗೆ ಪ್ರಕಟಿಸುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಹಿಂದಿನ ಎರಡು ಸಂಚಿಕೆ ಓದಿ, ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ ನೋಡಿ. ಒಂದು ಲೇಖನವನ್ನು ಒಂದು ಹೊತ್ತಿಗೆ ಒಂದೇ ಪತ್ರಿಕೆಗೆ ಕಳಿಸಿ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮ ಹತ್ತು ಪ್ರತಿಶತದವರೆಗಿನ ಹೋಲಿಕೆಗೆ ದಂಡನೆ ವಿಧಿಸುವುದಿಲ್ಲ. ಹಾಗೆಂದು ಹತ್ತರೊಳಗೆ ಕದ್ದದ್ದು ನಮ್ಮದಾಗುವುದಿಲ್ಲ.

ವಿಮರ್ಶಕರು ಲೇಖನವನ್ನು ಪ್ರಶ್ನೆಗಳೊಂದಿಗೆ ಹಿಂದಕ್ಕೆ ಕಳಿಸಿದರೆ ಬೇಸರ ಬೇಡ. ಗುರುತಿಲ್ಲದ ಒಬ್ಬರು ಸಂಬಳವಿಲ್ಲದೆ ನಮ್ಮ ಬರಹವನ್ನು ಸಾಲು ಸಾಲಾಗಿ ಓದಿದ್ದಾರೆ ಎಂದು ಅದರರ್ಥ. ಒಂದೊಂದು ಆಕ್ಷೇಪಕ್ಕೂ ಉತ್ತರ ಬರೆಯಿರಿ. ಒಪ್ಪದ ಕಡೆ ಕಾರಣ ಕೊಡಿ. ವಾದ ಗಟ್ಟಿಯಾಗುವುದು ಈ ಎರಡನೇ ಸುತ್ತಿನಲ್ಲೇ. ಹೆಸರಿನ ಮುಂದೆ ಹತ್ತು ಪ್ರಕಟಣೆಗಳ ಪಟ್ಟಿ ಇರುವುದಕ್ಕಿಂತ, ಕಣಕುಂಬಿಯ ನೀರಿನ ಬಗ್ಗೆ ನಾಳೆ ವಾದಿಸುವ ವಕೀಲರು ನಂಬಿ ಕೈಗೆತ್ತಿಕೊಳ್ಳುವ ಒಂದು ಲೇಖನ ದೊಡ್ಡದು.